ಗಿಡ–ಮರದ ಕೆಲಸದಲ್ಲಿ ಸಣ್ಣ ಉದ್ಯಮ: ಶುರು ಮಾಡುವುದು ಹೇಗೆ?

ತಾರಸಿಯಲ್ಲಿ ಹತ್ತು ಕುಂಡ ಇಟ್ಟವರಿಂದ ಹಿಡಿದು ದೊಡ್ಡ ಅಪಾರ್ಟ್‌ಮೆಂಟ್ ಸಂಘಗಳವರೆಗೆ ಬೆಂಗಳೂರಿನಲ್ಲಿ ಎಲ್ಲರೂ ಕೇಳುವುದು ಒಂದೇ: ‘ಒಳ್ಳೆ ಮಾಲಿ ಯಾರಾದರೂ ಗೊತ್ತಿದ್ದಾರಾ?’ ಗುದ್ದಲಿ ಹಿಡಿಯಬಲ್ಲವರಿಗೆ ಊರಲ್ಲಿ ಕೊರತೆಯಿಲ್ಲ. ಹೇಳಿದ ದಿನ ಬರುವವರು, ಲೆಕ್ಕ ಬರೆದು ಕೊಡುವವರು, ‘ಈ ಕೊಂಬೆ ತೆಗೆಯಬೇಡಿ ಸಾರ್, ಮರ ಕೆಡುತ್ತೆ’ ಎಂದು ಧೈರ್ಯವಾಗಿ ಹೇಳುವವರು ಮಾತ್ರ ತೀರಾ ಕಡಿಮೆ. ಅಂಥವರಾಗುವ ಮನಸ್ಸಿದ್ದರೆ ಇದು ಮರ್ಯಾದೆಯ ಕಸುಬು. ಕಡಿಮೆ ಬಂಡವಾಳದಲ್ಲೇ ಶುರು ಮಾಡಬಹುದು.

ಬೆಂಗಳೂರನ್ನು ಉದಾಹರಣೆಯಾಗಿ ಇಟ್ಟುಕೊಂಡು ಬರೆದಿದ್ದೇನೆ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದವರಿಗೂ ಹೆಚ್ಚಿನದ್ದು ಹೊಂದುತ್ತದೆ.

ನೆಲದ ಕೆಲಸ ಮೊದಲು

ಈ ಉದ್ಯಮದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಳೆ ಕೀಳುವುದು, ಪಾತಿ ಮಾಡುವುದು, ಗೊಬ್ಬರ ಹಾಕುವುದು, ಬೇಲಿ ಗಿಡ ಸವರುವುದು, ಹುಲ್ಲುಹಾಸು ಕತ್ತರಿಸುವುದು ನೆಲದ ಕೆಲಸ. ಒಣಗಿದ ಕೊಂಬೆ ಇಳಿಸುವುದು, ಮರದ ಭಾರ ತಗ್ಗಿಸುವುದು, ಅನುಮತಿ ಇದ್ದಾಗ ಮರ ಉರುಳಿಸುವುದು ಮೇಲಿನ ಕೆಲಸ. ನೆಲದ ಕೆಲಸದಲ್ಲಿ ದುಡ್ಡು ಸಣ್ಣದು, ಆದರೆ ತಿಂಗಳು ತಿಂಗಳು ಬರುತ್ತದೆ. ಮರದ ಕೆಲಸದಲ್ಲಿ ಒಂದೇ ದಿನಕ್ಕೆ ದೊಡ್ಡ ಮೊತ್ತ ಸಿಗುತ್ತದೆ, ಅಪಾಯವೂ ಅಷ್ಟೇ ದೊಡ್ಡದು.

ಹೊಸಬರು ಮರದ ದುಡ್ಡಿಗೆ ಆಸೆಪಟ್ಟು ಮೊದಲೇ ಮೇಲೆ ಹತ್ತುತ್ತಾರೆ. ಅದು ಬೇಡ. ಕನಿಷ್ಠ ಒಂದು ವರ್ಷ ನೆಲದ ಮೇಲೇ ಇರಿ. ತಿಂಗಳ ಗಿರಾಕಿಗಳು ಕೈಯಲ್ಲಿದ್ದರೆ ಮನೆ ಖರ್ಚು ನಡೆಯುತ್ತದೆ. ಆಗ ಅಪಾಯದ ಕೆಲಸ ಬಂದಾಗ ‘ಇದು ನಮ್ಮಿಂದ ಆಗಲ್ಲ’ ಎನ್ನುವ ಶಕ್ತಿ ಇರುತ್ತದೆ. ಈ ಕಸುಬಿನಲ್ಲಿ ಜೀವ ಉಳಿಸುವುದು ಆ ಶಕ್ತಿಯೇ.

ಕಲಿಯಲು ದಾರಿಗಳಿವೆ. ಲಾಲ್‌ಬಾಗ್‌ನಲ್ಲಿ ತೋಟಗಾರಿಕೆ ಇಲಾಖೆಯ ತರಬೇತಿ ಕೇಂದ್ರವಿದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಕೃಷಿ ವಿಶ್ವವಿದ್ಯಾಲಯವೂ ತರಬೇತಿಗಳನ್ನು ನಡೆಸುತ್ತದೆ. ಯಂತ್ರ ಕಟ್ಟಿಕೊಂಡು ತೆಂಗಿನ ಮರ ಹತ್ತುವುದನ್ನು ಕಲಿಯಬೇಕೆಂದರೆ ತೆಂಗು ಅಭಿವೃದ್ಧಿ ಮಂಡಳಿಯಲ್ಲಿ ವಿಚಾರಿಸಿ. ಇವೆಲ್ಲದರ ಜೊತೆಗೆ ಒಬ್ಬ ಹಳೆಯ ಮಾಲಿಯ ಕೈಕೆಳಗೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿರಿ. ಯಾವ ಮಣ್ಣಿಗೆ ಎಷ್ಟು ನೀರು ಬೇಕೆಂದು ಅವರು ಬೆರಳಲ್ಲಿ ಮುಟ್ಟಿ ಹೇಳುತ್ತಾರೆ.

ಸಾಮಾನು

ಗುದ್ದಲಿ, ಸನಿಕೆ, ಕುಡುಗೋಲು, ಕೈಗರಗಸ, ಕೊಂಬೆ ಕತ್ತರಿ, ಬೇಲಿ ಕತ್ತರಿ, ಕುಂಟೆ, ಪೈಪು, ಸ್ಪ್ರೇಯರ್, ಟಾರ್ಪಾಲು. ಶುರುವಿಗೆ ಇಷ್ಟು ಸಾಕು. ಕತ್ತರಿ ಮತ್ತು ಗರಗಸಕ್ಕೆ ಮಾತ್ರ ದುಡ್ಡು ಉಳಿಸಬೇಡಿ. ಮೊಂಡು ಕತ್ತರಿ ಕೊಂಬೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಕಡೆ ರೋಗ ಹತ್ತುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಮುನ್ನ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹಿಟ್ಟು ತಿಗಣೆ ಹತ್ತಿದ ದಾಸವಾಳದ ಸೊಪ್ಪನ್ನು ಪಕ್ಕದ ಕುಂಡದ ಮೇಲೆ ಇಡಬೇಡಿ.

ಗಿಡ, ಮಣ್ಣು, ಗೊಬ್ಬರಕ್ಕೆ ಇಲಾಖೆಯ ನರ್ಸರಿಗಳಿವೆ, ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿವೆ. ತಂದ ಬಿಲ್ಲನ್ನೇ ಗಿರಾಕಿಗೆ ತೋರಿಸಿ, ನಿಮ್ಮ ಓಡಾಟದ ಖರ್ಚನ್ನು ಬೇರೆ ಬರೆಯಿರಿ. ಗಿಡದ ಬೆಲೆಯಲ್ಲಿ ಗುಟ್ಟಾಗಿ ಲಾಭ ಸೇರಿಸಿದರೆ ಒಂದು ದಿನ ಗೊತ್ತಾಗೇ ಆಗುತ್ತದೆ.

ಕಾಗದ ಪತ್ರ

ಸಣ್ಣ ಉದ್ಯಮಗಳಿಗೆಂದೇ ಇರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಆಧಾರ್, ಪಾನ್ ಇದ್ದರೆ ಸಾಕು. ಇದಕ್ಕೆ ದುಡ್ಡು ಕೇಳುವ ಏಜೆಂಟರ ಕಡೆ ಹೋಗಬೇಡಿ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಆದರೂ ಉದ್ಯಮದ ಹೆಸರಲ್ಲಿ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ದೊಡ್ಡ ಅಪಾರ್ಟ್‌ಮೆಂಟ್‌ಗಳು ನಗದು ಕೊಡುವುದಿಲ್ಲ, ಬಿಲ್ ಕೇಳುತ್ತವೆ. ಸಲಕರಣೆಗೆ ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ.

ದರ ಕಟ್ಟುವುದು

ಹೆಚ್ಚಿನವರು ಸೋಲುವುದು ಇಲ್ಲಿಯೇ. ಪಕ್ಕದ ಬೀದಿಯವರು ಎಷ್ಟು ತಗೋತಾರೋ ಅದಕ್ಕಿಂತ ನೂರು ಕಡಿಮೆ ಹೇಳುತ್ತಾರೆ. ಆರು ತಿಂಗಳು ದುಡಿದ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಒಂದು ಲೆಕ್ಕ ನೋಡಿ. ಒಂದು ಮನೆಯ ತೋಟಕ್ಕೆ ಇಬ್ಬರು ಅರ್ಧ ದಿನ ಬೇಕು ಎಂದುಕೊಳ್ಳಿ. ಕೂಲಿ ಒಬ್ಬರಿಗೆ ದಿನಕ್ಕೆ 900 ಎಂದು ಹಿಡಿದರೆ ಇಬ್ಬರ ಅರ್ಧ ದಿನಕ್ಕೆ 900 ರೂಪಾಯಿ. ಆ ಇಬ್ಬರಲ್ಲಿ ಒಬ್ಬರು ನೀವೇ ಆಗಿದ್ದರೂ ನಿಮ್ಮ ಕೂಲಿ ಸೇರಲೇಬೇಕು. ಓಡಾಟಕ್ಕೆ 150. ಪೆಟ್ರೋಲು, ಸಲಕರಣೆಯ ಸವೆತಕ್ಕೆ 100. ವಿಮೆ, ಫೋನು, ಮಳೆಯಿಂದ ಕೆಲಸ ನಿಂತ ದಿನಗಳ ಪಾಲು 150. ಒಟ್ಟು 1,300 ಆಯಿತು. ಇದರ ಮೇಲೆ ಶೇ 20 ಲಾಭ ಇಟ್ಟರೆ 1,560. ತಿಂಗಳಿಗೆ ಎರಡು ಸಲ ಹೋದರೆ 3,120 ರೂಪಾಯಿ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಕೂಲಿ, ನಿಮ್ಮ ಓಡಾಟದ ದೂರ ಹಾಕಿಕೊಂಡು ಹೊಸದಾಗಿ ಕೂಡಿಸಿ.

ಗಿರಾಕಿ ಚೌಕಾಸಿ ಮಾಡಿದರೆ ದರ ಇಳಿಸುವ ಬದಲು ಕೆಲಸ ಕಡಿಮೆ ಮಾಡಿ ಹೇಳಿ. ‘ಆಂಟಿ, ಆ ದುಡ್ಡಿಗೆ ಮುಂದಿನ ತೋಟ ಮಾತ್ರ ನೋಡ್ಕೋತೀವಿ, ತಾರಸಿ ಕುಂಡಗಳು ಸೇರಲ್ಲ’ ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಏನೇನು ಸೇರಿದೆ, ಏನು ಸೇರಿಲ್ಲ, ಸೊಪ್ಪು ಕಡ್ಡಿ ಯಾರು ಸಾಗಿಸಬೇಕು, ಗಿಡ ಸತ್ತರೆ ಯಾರ ಹೊಣೆ ಎನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಕಳಿಸಿ. ಮರದ ಕೆಲಸಕ್ಕೆ ಜಾಗ ನೋಡದೆ ಫೋನಿನಲ್ಲಿ ದರ ಹೇಳಲೇಬೇಡಿ. ಫೋಟೊದಲ್ಲಿ ಸಣ್ಣದಾಗಿ ಕಂಡ ಕೊಂಬೆಯ ಕೆಳಗೆ ನೆರೆಮನೆಯ ಶೀಟಿನ ಚಾವಣಿ ಇರಬಹುದು.

ಮರ ಮುಟ್ಟುವ ಮುನ್ನ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಜಾರಿಯಲ್ಲಿದೆ. ಮರ ಸ್ವಂತ ಜಾಗದಲ್ಲಿದ್ದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ನಗರದಲ್ಲಿ ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಹಾಕಬೇಕು. ಅಧಿಕಾರಿ ಸ್ಥಳಕ್ಕೆ ಬಂದು ನೋಡುತ್ತಾರೆ. ಅನುಮತಿ ಕೊಟ್ಟರೆ ಬದಲಿಗೆ ಸಸಿ ನೆಡಬೇಕೆಂಬ ಷರತ್ತೂ ಇರುತ್ತದೆ. ತೊಗಟೆಯನ್ನು ಸುತ್ತ ಕೆತ್ತಿ ಮರ ಒಣಗಿಸುವುದು, ಬುಡಕ್ಕೆ ವಿಷ ಸುರಿಯುವುದು ಕಾನೂನಿನ ಕಣ್ಣಿಗೆ ಮರ ಕಡಿದದ್ದಕ್ಕೆ ಸಮ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೂ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಶ್ರೀಗಂಧ, ಬೀಟೆ, ತೇಗದ ವಿಷಯಕ್ಕಂತೂ ಅರಣ್ಯ ಇಲಾಖೆಯನ್ನು ಕೇಳದೆ ಕೈ ಹಾಕಬೇಡಿ.

ಅರ್ಜಿ ಹಾಕುವುದು ಮಾಲೀಕರ ಕೆಲಸ. ಅನುಮತಿಪತ್ರದ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ‘ಎಲ್ಲಾ ಮಾತಾಡಿದ್ದೀನಿ, ನೀವು ಭಾನುವಾರ ಬೆಳಿಗ್ಗೆ ಬಂದು ಕಡಿದು ಹೋಗಿ’ ಎನ್ನುವವರು ಸಿಗುತ್ತಾರೆ. ಅಂಥ ಕೆಲಸ ಬಿಡಿ. ರಸ್ತೆ ಬದಿಯ ಮರ ಪಾಲಿಕೆಯದು. ಅದರ ಕೊಂಬೆ ಯಾರದೇ ಮನೆಯ ಬಾಲ್ಕನಿಗೆ ಬಂದಿದ್ದರೂ ನೀವಾಗಿ ಕಡಿಯುವಂತಿಲ್ಲ.

ಇನ್ನು ವಿದ್ಯುತ್ ತಂತಿ. ಕೊಂಬೆ ತಂತಿಗೆ ತಾಗುತ್ತಿದ್ದರೆ ಅಥವಾ ಬೀಳುವಾಗ ತಾಗಬಹುದು ಎನಿಸಿದರೆ 1912ಕ್ಕೆ ಫೋನ್ ಮಾಡಿ ವಿದ್ಯುತ್ ಕಂಪನಿ ಬೆಸ್ಕಾಂನವರನ್ನು ಕರೆಸಿ. ಲೈನ್ ಆಫ್ ಆಗಿದೆ ಎಂದು ಅವರ ಸಿಬ್ಬಂದಿ ಸ್ಥಳದಲ್ಲೇ ಹೇಳುವವರೆಗೆ ಯಾರೂ ಮರ ಹತ್ತಬಾರದು. ಬೀದಿಯಲ್ಲಿ ಕರೆಂಟ್ ಹೋಗಿದೆ ಅಂದಮಾತ್ರಕ್ಕೆ ತಂತಿ ಸತ್ತಿದೆ ಎಂದಲ್ಲ. ಹಸಿ ಕೊಂಬೆ, ನೆನೆದ ಬಿದಿರು, ಒದ್ದೆ ಹಗ್ಗ ಮೂರರಲ್ಲೂ ವಿದ್ಯುತ್ ಹರಿಯುತ್ತದೆ.

ಮರದಲ್ಲಿ ಯಾರು ಮನೆ ಮಾಡಿಕೊಂಡಿದ್ದಾರೆ ಎಂದೂ ನೋಡಿ. ಹೆಜ್ಜೇನು ಗೂಡು ಕಟ್ಟಿದ್ದರೆ ಗರಗಸದ ಮಿಷನ್ನಿನ ಸದ್ದಿಗೆ, ಅದುರುವಿಕೆಗೆ ಎದ್ದುಬಿಡುತ್ತವೆ. ಮೇಲಿದ್ದವನಿಗೆ ಓಡಲು ದಾರಿಯೇ ಇರುವುದಿಲ್ಲ. ಹೂವಿನ ಕಾಲ ಮುಗಿದ ಮೇಲೆ ಅವು ತಾವಾಗಿಯೇ ಎದ್ದುಹೋಗುತ್ತವೆ, ಅಲ್ಲಿಯವರೆಗೆ ಕೆಲಸ ಮುಂದಕ್ಕೆ ಹಾಕಿ. ಹೊಗೆ, ಬೆಂಕಿ ಹಾಕಿ ಕೊಲ್ಲುವುದು ಕ್ರೂರ ಕೆಲಸ. ಹಕ್ಕಿ ಗೂಡಿನಲ್ಲಿ ಮರಿಗಳಿದ್ದರೂ ಕೆಲವು ವಾರ ಕಾಯಿರಿ. ಕಾರಣ ಹೇಳಿದರೆ ಗಿರಾಕಿಗಳು ಒಪ್ಪುತ್ತಾರೆ. ಎಷ್ಟೋ ಮನೆಗಳಲ್ಲಿ ಮಕ್ಕಳೇ ನಮ್ಮ ಪರ ವಾದ ಮಾಡುತ್ತಾರೆ.

ಕೊಂಬೆ ತೆಗೆಯುವ ಸರಿಯಾದ ರೀತಿ

ನಮ್ಮಲ್ಲಿ ಎರಡು ಕೆಟ್ಟ ಅಭ್ಯಾಸಗಳಿವೆ. ಒಂದು, ಕೊಂಬೆಯನ್ನು ಬೊಡ್ಡೆಗೆ ಸಮನಾಗಿ ನುಣ್ಣಗೆ ಕೊಯ್ಯುವುದು. ಇನ್ನೊಂದು, ಉದ್ದದ ಗೂಟ ಬಿಡುವುದು. ಎರಡರಿಂದಲೂ ಮರ ಕೊಳೆಯುತ್ತದೆ.

ಕೊಂಬೆ ಬೊಡ್ಡೆಗೆ ಸೇರುವ ಜಾಗದಲ್ಲಿ ಬಳೆಯ ಹಾಗೆ ಸ್ವಲ್ಪ ಉಬ್ಬು ಇರುತ್ತದೆ. ಗಾಯವನ್ನು ಮುಚ್ಚುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಕೊಳೆತ ಭಾಗದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟುತ್ತದೆ, ಹೊರಗಿನಿಂದ ಹೊಸ ಮರದ ಪದರ ಬೆಳೆಸಿ ಮುಚ್ಚುತ್ತದೆ. ಉಬ್ಬನ್ನು ಕೊಯ್ದರೆ ಆ ಗೋಡೆ ಕಟ್ಟುವ ಜಾಗವನ್ನೇ ಕಿತ್ತಂತೆ.

ಹಾಗಾಗಿ ದಪ್ಪ ಕೊಂಬೆಗೆ ಮೂರು ಕೊಯ್ತ ಬೇಕು. ಮೊದಲು ಬೊಡ್ಡೆಯಿಂದ ಸುಮಾರು ಒಂದು ಅಡಿ ದೂರದಲ್ಲಿ, ಕೊಂಬೆಯ ಕೆಳಗಿನಿಂದ ಕಾಲು ಭಾಗದಷ್ಟು ಕೊಯ್ಯಿರಿ. ಎರಡನೆಯದು ಅದಕ್ಕಿಂತ ಎರಡು ಮೂರು ಇಂಚು ಆಚೆ, ಮೇಲಿನಿಂದ. ಈಗ ಕೊಂಬೆ ತನ್ನ ಭಾರಕ್ಕೆ ಬೀಳುತ್ತದೆ, ಬೊಡ್ಡೆಯ ತೊಗಟೆ ಸೀಳಿಕೊಂಡು ಹೋಗುವುದಿಲ್ಲ. ಉಳಿದ ಗೂಟವನ್ನು ಮೂರನೆಯ ಕೊಯ್ತದಲ್ಲಿ ಉಬ್ಬಿನ ಹೊರಗಡೆಗೆ, ಉಬ್ಬು ಮುಟ್ಟದಂತೆ ತೆಗೆಯಿರಿ. ಕೆಳಗೆ ಕಾರು, ಗೋಡೆ ಇದ್ದರೆ ಕೊಂಬೆಗೆ ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸಬೇಕು. ಗಾಯಕ್ಕೆ ಪೇಂಟು, ಟಾರು ಬಳಿಯುವುದರಿಂದ ಲಾಭವಿಲ್ಲ.

ಒಂದೇ ಸಲ ಮರದ ಹಸಿರಿನ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ತಲೆ ಕಡಿದು ಬೋಳು ಮಾಡಲು ಹೇಳುವ ಗಿರಾಕಿಗಳು ಇರುತ್ತಾರೆ. ಬೋಳು ಮಾಡಿದ ಮರದಲ್ಲಿ ಚಿಗುರು ಗೊಂಚಲು ಗೊಂಚಲಾಗಿ ಬರುತ್ತದೆ. ಅದು ತೊಗಟೆಯ ಹತ್ತಿರ ಮೇಲೆ ಮೇಲೆ ಅಂಟಿಕೊಂಡಿರುತ್ತದೆ. ಕೆಲವು ವರ್ಷಗಳಲ್ಲಿ ದಪ್ಪವಾಗಿ ಗಾಳಿಗೆ ಮುರಿದು ಬೀಳುತ್ತದೆ. ಸುರಕ್ಷಿತವಾಗಲಿ ಎಂದು ಮಾಡಿಸಿದ ಕೆಲಸ ಅಪಾಯವನ್ನೇ ತರುತ್ತದೆ. ಇದನ್ನು ಗಿರಾಕಿಗೆ ಸಮಾಧಾನವಾಗಿ ವಿವರಿಸಿ, ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಮನೆ ಮೇಲೆ ಬಾಗಿದ್ದು ಇಷ್ಟನ್ನೇ ತೆಗೆಯಿರಿ. ಬುಡದವರೆಗೆ ಸಿಮೆಂಟು ಹಾಕಿದ್ದರೆ ಅದನ್ನು ಒಡೆದು ಮಣ್ಣು ಬಿಡಿಸಿಕೊಡುವುದನ್ನೂ ನಿಮ್ಮ ಸೇವೆಗಳ ಪಟ್ಟಿಗೆ ಸೇರಿಸಿ. ಎಷ್ಟೋ ಮರಗಳಿಗೆ ಕೊಂಬೆ ತೆಗೆಯುವುದಕ್ಕಿಂತ ಇದೇ ಹೆಚ್ಚು ಉಪಕಾರ.

ಎಲ್ಲ ಮರವೂ ಒಂದೇ ಗಟ್ಟಿಯಲ್ಲ. ನುಗ್ಗೆ ಮರ ಹತ್ತಬಾರದು ಎಂದು ಹಳ್ಳಿಯ ಮಕ್ಕಳಿಗೂ ಗೊತ್ತು. ಗುಲ್‌ಮೊಹರ್, ಸ್ಪಾಥೋಡಿಯಾ, ಆಕಾಶಮಲ್ಲಿಗೆ ಕೊಂಬೆಗಳೂ ಸುಲಭವಾಗಿ ಮುರಿಯುತ್ತವೆ.

ಹತ್ತುವವರ ಜೀವ

ಹೆಲ್ಮೆಟ್, ಸೊಂಟ–ತೊಡೆಗೆ ಕಟ್ಟುವ ಹಾರ್ನೆಸ್, ಒಳ್ಳೆಯ ಹಗ್ಗ, ಕಣ್ಣಿಗೆ ಕನ್ನಡಕ, ಹಿಡಿತವಿರುವ ಶೂ. ಇವಿಲ್ಲದೆ ಹುಡುಗರನ್ನು ಮೇಲೆ ಕಳಿಸುವ ಹಕ್ಕು ನಮಗಿಲ್ಲ. ‘ಅವನಿಗೆ ಅಭ್ಯಾಸ ಇದೆ’ ಎನ್ನುವ ಮಾತು ಎಷ್ಟೋ ಮನೆಗಳ ದೀಪ ಆರಿಸಿದೆ. ಕೆಳಗೆ ಒಬ್ಬರು ಸದಾ ಮೇಲೆ ನೋಡುತ್ತಾ ಇರಬೇಕು, ಕೈಯಲ್ಲಿ ಮೊಬೈಲ್ ಇರಬಾರದು. ಹಗ್ಗ ಕಟ್ಟಿ ಜನರ ಓಡಾಟ ತಡೆಯಿರಿ. ಮಳೆ, ಗಾಳಿ ಇದ್ದರೆ ಅವತ್ತು ಕೆಲಸ ಇಲ್ಲ. ಏಣಿ ಮೇಲೆ ನಿಂತು ಚೈನ್‌ಸಾ (ಮಿಷನ್ ಗರಗಸ) ಓಡಿಸಬಾರದು, ಒಂದೇ ಕೈಯಲ್ಲಂತೂ ಬೇಡವೇ ಬೇಡ. ಬ್ಲೇಡಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಮಿಷನ್ ಹಿಮ್ಮುಖವಾಗಿ ಮುಖಕ್ಕೆ ಚಿಮ್ಮುತ್ತದೆ. ಹೊಟ್ಟು ಚಕ್ಕೆ ಚಕ್ಕೆಯಾಗಿ ಬರುವ ಬದಲು ಪುಡಿಯಾಗಿ ಬರುತ್ತಿದ್ದರೆ ಚೈನು ಮೊಂಡಾಗಿದೆ, ನಿಲ್ಲಿಸಿ ಅರ ಹಾಕಿ.

ವಿಮೆ ಮಾಡಿಸಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. 18ರಿಂದ 70 ವರ್ಷದವರೆಗಿನ ಬ್ಯಾಂಕ್ ಖಾತೆದಾರರೆಲ್ಲರೂ ಸೇರಬಹುದು. ಆದರೆ ಮರದ ಕೆಲಸಕ್ಕೆ ಇದೊಂದೇ ಸಾಲದು. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಕಾನೂನಿನ ಪ್ರಕಾರ ಕೆಲಸ ಕೊಟ್ಟವರದು. ಅದಕ್ಕೆಂದೇ ಇರುವ ಕಾರ್ಮಿಕರ ಪರಿಹಾರ ಪಾಲಿಸಿ ತೆಗೆದುಕೊಳ್ಳಿ. ನೀವು ಮಾಡುವ ಕೆಲಸ ‘ಮರ ಹತ್ತುವುದು’ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿ. ತೋಟದ ಕೆಲಸ ಎಂದಷ್ಟೇ ಬರೆಸಿದ್ದರೆ ಕ್ಲೇಮ್ ಸಮಯದಲ್ಲಿ ತಕರಾರು ಬರಬಹುದು.

ಸೊಪ್ಪು ಕಡ್ಡಿ

ಸುಡಬೇಡಿ, ಅದು ನಿಯಮಕ್ಕೂ ವಿರುದ್ಧ. ಎಲೆಯನ್ನು ಗಿಡದ ಬುಡಕ್ಕೇ ಹೊದಿಸಬಹುದು, ಉಳಿದದ್ದಕ್ಕೆ ಮನೆಯ ಮೂಲೆಯಲ್ಲೇ ಗೊಬ್ಬರದ ಗುಂಡಿ ಮಾಡಿಕೊಡಿ. ದಪ್ಪ ಕೊಂಬೆಗಳನ್ನು ಸಾಗಿಸುವ ಮುನ್ನ ಸಾಗಣೆ ಪರವಾನಗಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಲಗೇಜ್ ಆಟೊ ಬಾಡಿಗೆ ದರದಲ್ಲಿ ಸೇರಿರಲಿ.

ವರ್ಷದ ಕೆಲಸ ಹಂಚಿಕೊಳ್ಳುವುದು

ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳ ಗಾಳಿ ಮಳೆಗೆ ಮರಗಳು ಬೀಳುತ್ತವೆ. ಎಲ್ಲರೂ ಆಗ ಫೋನ್ ಮಾಡುತ್ತಾರೆ. ನಿಮ್ಮ ತಿಂಗಳ ಗಿರಾಕಿಗಳ ಮರಗಳನ್ನು ಫೆಬ್ರುವರಿಯಲ್ಲೇ ನೋಡಿ ಮುಗಿಸಿ. ಜೂನ್–ಜುಲೈ ಸಸಿ ನೆಡುವ ಕಾಲ. ಮಾವಿನ ಕೊಯ್ಲು ಮುಗಿದ ಮೇಲೆ ಅದರ ಒಳಕೊಂಬೆ ಬಿಡಿಸಬಹುದು. ಗುಲಾಬಿ ಸವರಲು ಅಕ್ಟೋಬರ್, ಮಲ್ಲಿಗೆಗೆ ನವೆಂಬರ್ ಕೊನೆ. ಜನವರಿ, ಆಗಸ್ಟ್‌ನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದವರಿಗೆ ಹೊಸ ಗಿಡಗಳ ಆಸೆ ಹುಟ್ಟಿರುತ್ತದೆ, ಆ ವಾರಗಳಲ್ಲಿ ಕುಂಡ, ಮಣ್ಣು ತಯಾರಾಗಿ ಇಟ್ಟುಕೊಳ್ಳಿ.

ಎರಡನೇ ತಂಡ ಕಟ್ಟಲು ಅವಸರ ಬೇಡ. ನಿಮ್ಮ ಜೊತೆ ದುಡಿದವರಲ್ಲಿ ಒಬ್ಬರು ನೀವಿಲ್ಲದೆಯೂ ‘ಇವತ್ತು ಗಾಳಿ ಇದೆ, ಹತ್ತಲ್ಲ’ ಎಂದು ಗಿರಾಕಿಗೆ ಹೇಳುವಂತಾದ ಮೇಲೆ ಅವರ ಕೈಗೆ ತಂಡ ಕೊಡಿ. ಕೂಲಿಯನ್ನೂ ಆವತ್ತಿನಿಂದಲೇ ಹೆಚ್ಚಿಸಿ.