ಆಟಿಯ ಹಿತ್ತಲಿಗೆ ನೇರಳೆ ನೆರಳು ಒಗ್ಗಲಿಲ್ಲ

ಆಟಿಯಲ್ಲಿ, ಅಂದರೆ ತುಳುನಾಡಿನ ಜಡಿಮಳೆಯ ತಿಂಗಳಲ್ಲಿ, ತೈಲವರ್ಣ ಹಿಡಿದರೆ ಬಣ್ಣ ಒಣಗುವುದಿಲ್ಲ, ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬರುತ್ತದೆ. ಗೊತ್ತಿದ್ದೇ ಕೂತೆ. ಉಡುಪಿಯ ನಮ್ಮ ಹಿತ್ತಲಿಗೆ ಕಳೆ ಬರುವುದೇ ಆಗ: ಮುರಕಲ್ಲಿನ ಪಾಗಾರಕ್ಕೆ ಪಾಚಿ, ಅದರ ಬುಡದಲ್ಲಿ ಕೆಸು, ಬಾವಿಕಟ್ಟೆಯ ಪಕ್ಕ ಕೆಂಪು ದಾಸವಾಳ.

ಮೊದಲ ಚಿತ್ರ ಕೆಟ್ಟದ್ದು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ಮೇಲಿನ ಭಕ್ತಿಯಿಂದ. ಜಿವರ್ನಿಯಲ್ಲಿದ್ದ ಅವನ ತೋಟದ ಚಿತ್ರಗಳನ್ನು ನೋಡಿ ನೋಡಿ ನೆರಳೆಂದರೆ ನೇರಳೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಗಿಡದ ಬುಡಕ್ಕೆಲ್ಲ ನೇರಳೆ, ಎಲೆಯ ಮೇಲೆ ಹಳದಿ. ಅಮ್ಮ ಚಹಾ ತಂದವರು ನೋಡಿ, "ಚಂದ ಉಂಟು. ಆದರೆ ಈ ಬಿಸಿಲು ಎಲ್ಲಿಂದ ಬಂತು ಮಾರಾಯ?" ಅಂದರು.

ಅಲ್ಲೇ ಸಿಕ್ಕಿಬಿದ್ದೆ. ಹಳದಿ ಬಿಸಿಲಿದ್ದಾಗ ನೆರಳಿಗೆ ಆಕಾಶದ ನೀಲಿ ಇಳಿಯುತ್ತದೆ; ಹಳದಿಯ ಪಕ್ಕದಲ್ಲಿ ಅದು ನೇರಳೆಯಾಗಿ ಕಾಣುತ್ತದೆ. ಪಕ್ಕದ ಬಣ್ಣ ಕಣ್ಣಿಗೆ ಮಾಡುವ ಈ ಮೋಸವನ್ನು ರಸಾಯನ ವಿಜ್ಞಾನಿ ಶೆವ್ರಲ್ 1839ರಲ್ಲೇ ಬರೆದಿಟ್ಟಿದ್ದ. ಮೋಡ ಮುಚ್ಚಿದ ದಿನ ಲೆಕ್ಕ ತಿರುಗುಮುರುಗು. ಬೆಳಕೇ ತಣ್ಣಗೆ, ಬೂದಿ ನೀಲಿ. ಗಿಡದ ಬುಡದ ಕತ್ತಲೆ ಅದರೆದುರು ಬೆಚ್ಚಗೆ, ಕಂದು ಹಸಿರಾಗಿ ಕಾಣುತ್ತದೆ. ಕಣ್ಣು ಅರೆಮುಚ್ಚಿ ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ನಾನು ನೋಡಿರಲೇ ಇಲ್ಲ.

ಎರಡನೆಯದಕ್ಕೆ ಕಪ್ಪಿನ ಟ್ಯೂಬನ್ನು ಡಬ್ಬಿಯಿಂದಲೇ ತೆಗೆದಿಟ್ಟೆ. ಅತಿ ಗಾಢ ಜಾಗಕ್ಕೆ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಕಲಸಿದ್ದು. ಹಸಿರು ದೊಡ್ಡ ತಲೆನೋವು. ಟ್ಯೂಬಿನ ಹಸಿರು ಪ್ಲಾಸ್ಟಿಕ್ ಹೂಕುಂಡದ ಹಾಗೆ ಕಿರುಚುತ್ತದೆ. ಅಲ್ಟ್ರಾಮರೀನಿಗೆ ಲೆಮನ್ ಯೆಲ್ಲೋ ಬೆರೆಸಿ, ಕುಂಚದ ತುದಿಯಷ್ಟು ಕೆಂಪು ಮುಟ್ಟಿಸಿದಾಗ ಕೆಸುವಿನ ಎಲೆ ಬಂತು. ಅದರ ಮೇಲಿನ ಹೊಳಪಿಗೂ ಬರೀ ಬಿಳಿಯಲ್ಲ, ನೀಲಿ ತಾಗಿದ ಬಿಳಿ. ಪಾಗಾರಕ್ಕೆ ಸಿಯೆನ್ನಾ ಗೀಟುಗಳ ನಡುನಡುವೆ ಪಾಚಿಹಸಿರಿನ ಗೀಟು, ಒಂದಕ್ಕೊಂದು ಕಲಸದೆ. ಕಲಸಿದರೆ ರಾಡಿ.

ಬೆಳಕು ಅರ್ಧ ಗಂಟೆ ನಿಲ್ಲುವುದಿಲ್ಲ. 1890-91ರಲ್ಲಿ ಬಣವೆಗಳನ್ನು ಬರೆಯುವಾಗ ಮೊನೆ ಬೆಳಕು ಬದಲಾದ ಹಾಗೆ ಕ್ಯಾನ್ವಾಸನ್ನೂ ಬದಲಿಸುತ್ತಿದ್ದ. ನಾನೂ ಜಗಲಿಯಲ್ಲಿ ಎರಡು ಇಟ್ಟುಕೊಂಡೆ: ಜಡಿಮಳೆಗೊಂದು, ಮಳೆ ಬಿಟ್ಟ ಹೊತ್ತಿಗೊಂದು. ಜಡಿಮಳೆಯದ್ದು ಮುಗಿಯಲೇ ಇಲ್ಲ, ಗಾಳಿಗೆ ಎರಚಲು ಹೊಡೆಯುತ್ತಿತ್ತು.

ದಾಸವಾಳವನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅಲಿಝರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪು, ದಪ್ಪಕ್ಕೆ, ಕುಂಚದ ಮೂರೇ ಏಟು. ಅಷ್ಟು ಹಸಿರಿನ ನಡುವೆ ಆ ಮೂರೇ ಸಾಕಾಯಿತು. ನಾಲ್ಕನೆಯದು ಇಟ್ಟು ನೋಡಿ, ಚಾಕುವಿನಿಂದ ಕೆರೆದು ತೆಗೆದೆ. ಅಲಿಝರಿನ್ ಮೊದಲೇ ನಿಧಾನಕ್ಕೆ ಒಣಗುವ ಬಣ್ಣ. ಚೌತಿಯ ದಿನ ಮುಟ್ಟಿದರೂ ಬೆರಳಿಗೆ ಹತ್ತುತ್ತಿತ್ತು.