ಧಾರವಾಡದ ಹವೆಯಲ್ಲಿ ವಿಲಿಯಮ್ಸ್ ಸಾಲು

ಎಂಬಿಬಿಎ ಎಂಬ ದ್ರವ ಸ್ಫಟಿಕವನ್ನು (ಲಿಕ್ವಿಡ್ ಕ್ರಿಸ್ಟಲ್) ಎರಡು ಗಾಜಿನ ನಡುವೆ ತುಂಬಿದ ತೆಳು ಸೆಲ್‌ಗೆ ಸುಮಾರು 7 ವೋಲ್ಟ್ ಎಸಿ ಕೊಟ್ಟರೆ, ಎರೆಹೊಲದಲ್ಲಿ ಕೂರಿಗೆ ಹೊಡೆದ ಹಾಗೆ ಸಾಲುಗಳು ಏಳುತ್ತವೆ. 1963ರಲ್ಲಿ ಅಮೆರಿಕದ ವಿಜ್ಞಾನಿ ರಿಚರ್ಡ್ ವಿಲಿಯಮ್ಸ್ ವರದಿ ಮಾಡಿದ್ದು ಇಂಥ ಸಾಲುಗಳನ್ನೇ. ಒಮ್ಮೆ ಎಬ್ಬಿಸುವುದು ಸುಲಭ. ನಾಳೆಯೂ ಅದೇ ವೋಲ್ಟೇಜಿಗೆ ಏಳಬೇಕೆಂದರೆ ತೊಡಕು, ಮತ್ತು ನನ್ನ ಅನುಭವದಲ್ಲಿ ಆ ತೊಡಕಿನ ಹೆಸರು ನೀರಾವಿ.

ತೇವ ತಗುಲಿದರೆ ಎಂಬಿಬಿಎ ಅಣು ಒಡೆಯುತ್ತದೆ, ವಾಹಕತೆ ತಾನೇ ಏರುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಬಾಟಲಿ ತೆರೆದಿಡಲೇಬಾರದು. ತೇವ ಹೀರುವ ಸಿಲಿಕಾ ಜೆಲ್ ಇರುವ ಡೆಸಿಕೇಟರ್ ಎಂಬ ಮುಚ್ಚಿದ ಪಾತ್ರೆಯಲ್ಲಿಟ್ಟು, ಪ್ರತಿ ಸಲ ಒಂದು ಹನಿ ಕಾಯಿಸಿ ನೋಡುತ್ತೇನೆ. ಒಳ್ಳೆಯ ಮಾಲು 47 ಡಿಗ್ರಿ ಸೆಲ್ಸಿಯಸ್ ಹತ್ತಿರ ಮಬ್ಬು ಕಳೆದು ಸಾಮಾನ್ಯ ದ್ರವದಂತೆ ತಿಳಿಯಾಗುತ್ತದೆ. 42ಕ್ಕೇ ತಿಳಿಯಾದರೆ ಚೆಲ್ಲಿಬಿಡಿ, ಉಳಿಸಿಕೊಂಡು ಲಾಭವಿಲ್ಲ.

ತೀರ ಶುದ್ಧವಿದ್ದರೂ ಕೆಲಸವಾಗದು, ಆವೇಶ ಹೊತ್ತ ಕಣಗಳು, ಅಂದರೆ ಅಯಾನು, ಬೇಕು. ಒಂದೇ ದಿಕ್ಕಿಗೆ ನಿಂತ ಅಣುಗಳು ಚೂರು ಬಾಗಿದಲ್ಲಿ ಆವೇಶ ಪಕ್ಕಕ್ಕೆ ಗುಂಪುಗೂಡುತ್ತದೆ, ವಿದ್ಯುತ್ ಕ್ಷೇತ್ರ ಅದನ್ನು ತಳ್ಳುತ್ತದೆ, ದ್ರವ ಹರಿದು ಬಾಗನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದಕ್ಕಾಗಿ ಟೆಟ್ರಾಬ್ಯುಟೈಲ್ ಅಮೋನಿಯಂ ಬ್ರೋಮೈಡ್ ಎಂಬ ಲವಣವನ್ನು ತೂಕದ 0.01% ಬೆರೆಸುತ್ತೇನೆ. ಒಂದು ಗ್ರಾಂಗೆ 0.1 ಮಿಲಿಗ್ರಾಂ ಅಂದರೆ ನಮ್ಮ ತಕ್ಕಡಿಗೆ ಸಿಗದ ತೂಕ. ಹಾಗಾಗಿ 10 ಮಿಲಿಗ್ರಾಂ ಅನ್ನು 10 ಮಿ.ಲೀ. ಒಣ ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ, ಅದರ 0.1 ಮಿ.ಲೀ. ಹಾಕಿ, ದ್ರಾವಕವನ್ನು ವ್ಯಾಕ್ಯೂಮಿನಲ್ಲಿ ಪೂರ್ತಿ ಆರಿಸುವುದು.

ವಿದ್ಯುತ್ ಹರಿಯುವ ಪಾರದರ್ಶಕ ಲೇಪವಿರುವ ಐಟಿಒ ಗಾಜಿಗೆ 1% ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್) ಲೇಪಿಸಿ, ಒಣಗಿಸಿ, ಅಣುಗಳು ಒಂದೇ ದಿಕ್ಕಿಗೆ ನಿಲ್ಲಲೆಂದು ಮಖಮಲ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಹದಿನೈದು ಸಲ ಉಜ್ಜಬೇಕು. ಎರಡು ಗಾಜಿನ ನಡುವೆ 25 ಮೈಕ್ರಾನ್ ದಪ್ಪದ ಮೈಲಾರ್ ಪ್ಲಾಸ್ಟಿಕ್ ಹಾಳೆ. ಖಾಲಿ ಸೆಲ್ಲನ್ನು ಸೋಡಿಯಂ ದೀಪದಡಿ ಹಿಡಿಯಿರಿ: ಒಂದೊಂದು ಪಟ್ಟೆ ದಪ್ಪದಲ್ಲಿ ಸುಮಾರು 0.3 ಮೈಕ್ರಾನ್ ವ್ಯತ್ಯಾಸ. ಸೆಂಟಿಮೀಟರಿಗೆ ಐದಾರಕ್ಕಿಂತ ಹೆಚ್ಚು ಪಟ್ಟೆ ಕಂಡರೆ ಬಿಚ್ಚಿ ಮತ್ತೆ ಜೋಡಿಸುತ್ತೇನೆ. ತುಂಬುವಾಗ ಸೆಲ್ 50 ಡಿಗ್ರಿ ದಾಟಿರಲಿ. ತಣ್ಣಗಿದ್ದಾಗ ತುಂಬಿದರೆ ಹರಿದ ಗುರುತು ಉಳಿದು, ಸಾಲುಗಳು ಅದರ ಮೇಲೆ ಮುರಿಯುತ್ತವೆ.

ಮಾಮೂಲಿ ಫಂಕ್ಷನ್ ಜನರೇಟರ್ ಶಿಖರದಿಂದ ಶಿಖರಕ್ಕೆ 20 ವೋಲ್ಟ್ ಕೊಟ್ಟರೂ ಸೈನ್ ಅಲೆಯ ಆರ್‌ಎಂಎಸ್ (ಪರಿಣಾಮಕಾರಿ ವೋಲ್ಟೇಜ್) ಬರೀ 7.07. ಸರಿಯಾಗಿ ಸಾಲು ಏಳುವ ಹೊಸ್ತಿಲ ಮೇಲೇ ನಿಲ್ಲುತ್ತದೆ! ±15 ವೋಲ್ಟಿನ ಆಪ್-ಆಂಪ್ (ವೋಲ್ಟೇಜ್ ಹೆಚ್ಚಿಸುವ ಚಿಪ್) ಸೇರಿಸಿದರೆ 9ರವರೆಗೆ ಹೋಗಬಹುದು. ಸರಣಿಯಲ್ಲಿ ಧ್ರುವವಿಲ್ಲದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ಡಿಸಿ ಸೋರಿದರೆ ಎಲೆಕ್ಟ್ರೋಡಿನ ಬಳಿ ಮಾಲು ಕೆಡುತ್ತದೆ. 30 ಹರ್ಟ್ಸ್‌ನಲ್ಲಿ 0.05 ವೋಲ್ಟಿನಂತೆ ಏರಿಸಿ, ಪ್ರತಿ ಮೆಟ್ಟಿಲಿಗೆ ಒಂದು ನಿಮಿಷ ತಾಳಿ.

ನೋಡಲು ಒಂದೇ ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನದ ಬೆಳಕನ್ನು ಬಿಡುವ ಹಾಳೆ) ಸಾಕು, ಉಜ್ಜಿದ ದಿಕ್ಕಿಗೆ ಸಮಾಂತರವಾಗಿ. 90 ಡಿಗ್ರಿ ತಿರುಗಿಸಿದರೆ ಸಾಲು ಮಾಯ. ಮಾಯವಾಗದಿದ್ದರೆ ನೀವು ನೋಡುತ್ತಿರುವುದು ಉಜ್ಜಿದ ಗೀರು. ನಿಜವಾದ ಸಾಲು ಉಜ್ಜಿದ ದಿಕ್ಕಿಗೆ ಅಡ್ಡಲಾಗಿ ನಿಲ್ಲುತ್ತದೆ, ಸಾಲನ್ನು ಎಬ್ಬಿಸುವ ದ್ರವದ ಒಂದೊಂದು ಸುರುಳಿಯ ಅಗಲ ಸೆಲ್ಲಿನ ದಪ್ಪದಷ್ಟೇ.

ಥಂಡಿ ದಿನಗಳಲ್ಲಿ ಇನ್ನೊಂದು ಕಾಟ. 22 ಡಿಗ್ರಿಗಿಂತ ಕೆಳಗೆ ಎಂಬಿಬಿಎ ಗಟ್ಟಿಯಾಗಬಹುದು, ಡಿಸೆಂಬರಿನ ಮುಂಜಾನೆ ಇಲ್ಲಿ ಅದಕ್ಕೂ ಕೆಳಗಿಳಿಯುತ್ತದೆ. ಹೀಟರ್ ಹಾಕಿ 50ಕ್ಕೆ ಏರಿಸಿ, ನಿಧಾನ 30ಕ್ಕೆ ಇಳಿಸಿ ನಿಲ್ಲಿಸಿದ ಮೇಲೆಯೇ ವೋಲ್ಟೇಜ್ ಹಚ್ಚುತ್ತೇನೆ.