ಬೆಣ್ಣೆದೋಸೆಯ ಚೊಂಯ್ ಕೇಳದಿದ್ದಾಗ: ಮಗುವಿನ ಕಿವಿಯಿಂದ ಮೂರು ನಿಮಿಷದ ಚಿತ್ರ

ಕಿವಿ ಕೇಳದ ಮಗುವಿನ ಬಗ್ಗೆ ಚಿತ್ರ ಮಾಡುವ ಅಪ್ಪ ಅಮ್ಮಂದಿರು ಮೊದಲು ಮಾಡುವ ಕೆಲಸ ಸೌಂಡ್ ಪೂರ್ತಿ ಬಂದ್ ಮಾಡುವುದು. ನೋಡುವವರು ಸ್ಪೀಕರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಅಷ್ಟೇ. ಬಹಳಷ್ಟು ಮಕ್ಕಳಿಗೆ ಅಷ್ಟೋ ಇಷ್ಟೋ ಕೇಳುತ್ತದೆ. ದಪ್ಪ ಸದ್ದು ಉಳಿದು ಕೀಚಲು ಸದ್ದು ಹೋಗಿರುವುದೇ ಹೆಚ್ಚು. ಅದನ್ನು ಹಿಡಿಯಲು ದಾವಣಗೆರೆಯ ಬೆಣ್ಣೆದೋಸೆ ಹೋಟೆಲು ಸಾಕು. ಮಾಲೀಕರನ್ನು ಕೇಳಿಕೊಂಡು, ರಶ್ ಇಳಿದ ಮೇಲೆ ಹೋಗಿ.

ಕೂತ ಮಗುವಿನ ಕಣ್ಣು ನೆಲದಿಂದ ಎಷ್ಟು ಮೇಲಿದೆ ಎಂದು ಟೇಪಿನಲ್ಲಿ ಅಳೆದು, ಮೊಬೈಲನ್ನು ಅಷ್ಟೇ ಎತ್ತರಕ್ಕೆ ನಿಲ್ಲಿಸಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ; ಟ್ಯೂಬ್‌ಲೈಟು ಅದರ ತಾಳಕ್ಕೇ ಮಿನುಗುತ್ತದೆ. 1/60 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಓಡಬಹುದು.

ನಿಜವಾದ ಕೆಲಸ ಸದ್ದಿನದು. ಮಗುವಿನ ಆಡಿಯೋಗ್ರಾಮ್ (ಯಾವ ಸದ್ದು ಎಷ್ಟು ಜೋರಾದರೆ ಕೇಳುತ್ತದೆ ಎಂದು ತೋರಿಸುವ ಕಿವಿ ಪರೀಕ್ಷೆಯ ಗ್ರಾಫು) ಎದುರಿಗಿಟ್ಟುಕೊಂಡು, ಸದ್ದು ತಿದ್ದುವ ಉಚಿತ ಸಾಫ್ಟ್‌ವೇರ್ ಅಡಾಸಿಟಿಯ ‘ಫಿಲ್ಟರ್ ಕರ್ವ್’ನಲ್ಲಿ ದಪ್ಪ ಸದ್ದಿನಿಂದ ಕೀಚಲಿನವರೆಗೆ 250, 500, 1000, 2000, 4000 ಹರ್ಟ್ಸ್‌ಗೆ ಒಂದೊಂದು ಚುಕ್ಕೆ ಇಡಿ. ಗ್ರಾಫಿನಲ್ಲಿ 4000ಕ್ಕೆ 70 ಇದ್ದರೆ ಅಲ್ಲಿ 70 ಡೆಸಿಬೆಲ್ ಇಳಿಸಿ. ಜಾಗ ಸಾಲದಿದ್ದರೆ ಎಡಗಡೆಯ ಸ್ಲೈಡರ್ ಕೆಳಕ್ಕೆಳೆಯಿರಿ. ಎಲ್ಲ ಸದ್ದೂ ಸತ್ತುಹೋಯಿತೇ? 250 ಹರ್ಟ್ಸ್‌ಗೆ ಇಳಿಸಿದ ಡೆಸಿಬೆಲ್ ಅಂಕಿಯನ್ನು ಐದೂ ಚುಕ್ಕೆಗಳ ಅಂಕಿಯಿಂದ ಕಳೆಯಿರಿ. ಇಳಿಜಾರು ಹಾಗೇ ಉಳಿಯುತ್ತದೆ. ಈಗ ಕೇಳಿ: ಕಾವಲಿ ಮೇಲೆ ಬೆಣ್ಣೆ ಬಿದ್ದ ಚೊಂಯ್ ಇಲ್ಲ, ಹೊಗೆ ಮಾತ್ರ ಏಳುತ್ತಿದೆ. ‘ಸಾಕು’ ಅಂದದ್ದು ‘ಆಕು’ ಆಗಿದೆ. ಉಳಿದದ್ದು ಫ್ಯಾನಿನ ಗುಂಯ್, ಯಾರೋ ಬೆಂಚು ಎಳೆದ ಗುಡುಗು.

ಮಗುವಿಗೆ ಹೀಗೇ ಕೇಳುತ್ತದೆ ಎಂದು ಮಾತ್ರ ಆಣೆ ಮಾಡಬೇಡಿ. ಒಳಕಿವಿಯ ದೋಷದಲ್ಲಿ ಕೇಳುವ ಸದ್ದೂ ಕಲಸಿಹೋಗಿರುತ್ತದೆ, ಜೋರು ಸದ್ದು ಥಟ್ಟನೆ ಚುಚ್ಚುತ್ತದೆ. ಫಿಲ್ಟರಿಗೆ ಅದು ಬರದು. ಆಡಿಯೋಗ್ರಾಮ್ ಬರೆಯುವುದು ಸಾಮಾನ್ಯವಾಗಿ ಹಿಯರಿಂಗ್ ಏಡ್ ತೆಗೆಸಿದ ಮೇಲೆ, ಹಾಗಾಗಿ ಈ ಸದ್ದು ಏಡ್ ಇಲ್ಲದ ಕಿವಿಯದು. ಚಿತ್ರಕ್ಕೋಸ್ಕರ ಅದನ್ನು ಬಿಚ್ಚಿಸುವುದು ಬೇಡ.

ಸದ್ದಿನ ಕಂಪನ ಕಣ್ಣಿಗೆ ಕಾಣಿಸಲು, ಸ್ಟೀಲ್ ಡಬರಿಯ ಬಾಯಿಗೆ ಕತ್ತರಿಸಿದ ಬಲೂನು ಬಿಗಿದು ಚಿಟಿಕೆ ರವೆ ಉದುರಿಸಿ. ಪಕ್ಕದ ಸ್ಪೀಕರಿನಲ್ಲಿ ಒಂದು ಸ್ವರ ಹಚ್ಚಿ 80ರಿಂದ 300 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿದರೆ ಎಲ್ಲೋ ಒಂದು ಕಡೆ ರವೆ ಕುಣಿಯುತ್ತದೆ. ಕುಣಿಯದಿದ್ದರೆ ಬಲೂನು ಸಡಿಲವಿರಬಹುದು.

ಕೊನೆಗೆ ಅಮ್ಮನ ತುಟಿಯ ಒಂದೇ ಶಾಟ್: ‘ಮರ’, ‘ಬರ’, ‘ಪರ’. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗಿರಲಿ. ಮೊದಲ ಸಲ ಸಬ್‌ಟೈಟಲ್ ಹಾಕದೆ ತೋರಿಸಿ, ಎರಡನೇ ಸಲ ಹಾಕಿ. ಬೇರೆಯವರಿಗೆ ಕಳಿಸುವ ಮುಂಚೆ ಮಗುವಿಗೆ ತೋರಿಸಿ. ಬೇಡ ಅಂದ ಶಾಟ್ ಕತ್ತರಿಸಿ.